ಸರ್ವರ್ ಡೌನ್ ಆಗಿರಲಿಲ್ಲ, ಪಾಪ್‌ಅಪ್ ಬ್ಲಾಕ್ ಆಗಿತ್ತು

ರಾತ್ರಿ ಎಂಟೂವರೆಗೆ ಸೇಡಂನಿಂದ ತಂಗಿ ಫೋನ್ ಮಾಡಿದಳು. ನಮ್ಮ ಚಿಗವ್ವನ ಮಗಳು. ಡಿಗ್ರಿ ಮುಗಿಸಿ ಎರಡು ವರ್ಷದಿಂದ ಸರ್ಕಾರಿ ನೌಕರಿಗೆ ಓದ್ತಿದ್ದಾಳೆ. ಅವತ್ತು ಒಂದು ಹುದ್ದೆಗೆ ಅರ್ಜಿ ಹಾಕಲು ಕೊನೆಯ ದಿನ. ಅವರಪ್ಪನನ್ನು ಜೊತೆಗೆ ಕರಕೊಂಡು ಆನ್‌ಲೈನ್ ಸೆಂಟರ್‌ನಲ್ಲಿ ಕೂತಿದ್ದಳು.

"ಅಣ್ಣಾ, ಫಾರ್ಮ್ ಎಲ್ಲಾ ತುಂಬೀನಿ. ಫೋಟೋ, ಸಹಿ, 371-ಜೆ ಸರ್ಟಿಫಿಕೇಟ್ ಎಲ್ಲಾ ಅಪ್‌ಲೋಡ್ ಆಗ್ಯಾವ. ಫೀ ಕಟ್ಟೋದು ಮಾತ್ರ ಓಪನ್ ಆಗವಲ್ದು. ಹತ್ತು ಸಲ ಒತ್ತೀನಿ."

"ಅಂಗಡಿಯವ್ರು ಏನಂತಾರ?"

"ಸರ್ವರ್ ಡೌನ್ ಅದ, ನಾಳಿ ಬಾ ಅಂತಾರ. ನಾಳಿ ಎಲ್ಲಿಂದ ತರ್ಲಿ ಅಣ್ಣಾ? ಒಂಬತ್ತಕ್ಕ ಅಂಗಡಿ ಬಂದ್ ಮಾಡ್ತಾರ."

ನಮ್ಮ ಕಡೆ 'ಸರ್ವರ್ ಡೌನ್' ಅನ್ನೋದು ಎಲ್ಲ ರೋಗಕ್ಕೂ ಒಂದೇ ಹೆಸರು. ಪಹಣಿ ಬರಲಿಲ್ಲ, ಸರ್ವರ್ ಡೌನ್. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳಲಿಲ್ಲ, ಸರ್ವರ್ ಡೌನ್. ತೊಗರಿ ಮಾರೋಕೆ ಹೆಸರು ಬರೆಸಲು ಹೋದರೆ ಅಲ್ಲೂ ಸರ್ವರ್ ಡೌನ್. ನಿಜಕ್ಕೂ ಡೌನ್ ಆಗಿರೋದೂ ಉಂಟು, ಇಲ್ಲ ಅನ್ನಲ್ಲ. ಆದರೆ ಸರ್ವರ್ ಬಿದ್ದಿದ್ದರೆ ಐದು ನಿಮಿಷದ ಹಿಂದೆ ಅವಳ ಫೋಟೋ ಹೇಗೆ ಅಪ್‌ಲೋಡ್ ಆಯ್ತು? "ಸ್ಕ್ರೀನಿಂದು ಒಂದು ಫೋಟೋ ಹೊಡೆದು ಕಳಿಸು" ಅಂದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋವನ್ನ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮೇಲೆ ವೆಬ್ ವಿಳಾಸ ಇರೋ ಪಟ್ಟಿಯ ಬಲತುದಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುರುತು. ಪಾಪ್‌ಅಪ್ ತಡೆದಿದ್ದೇನೆ ಅಂತ ಕ್ರೋಮ್ ಹೇಳೋದು ಅಷ್ಟರಲ್ಲೇ. ಅದನ್ನ ಒತ್ತು ಅಂದೆ. ಇಂಗ್ಲಿಷ್‌ನಾಗ ಏನೋ ಬಂದದ ಅಂದಳು. ಅದರಲ್ಲಿ 'ಆಲ್ವೇಸ್ ಅಲೋ' ಅನ್ನೋದನ್ನ ಆರಿಸಿ, ಡನ್ ಒತ್ತಿ, ಮತ್ತೆ ಫೀ ಬಟನ್ ಒತ್ತೋಕೆ ಹೇಳಿದೆ.

"ಬಂತಣ್ಣಾ! ಬಂತು, ಬಂತು!"

ಎಂಟು ಐವತ್ತೆರಡಕ್ಕೆ ರಸೀದಿ ಕೈಗೆ ಬಂತು. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್. ಈ ಸಲ ದನಿ ಸಣ್ಣದಾಗಿತ್ತು. "ಅಣ್ಣಾ, ನನ್ನ ಗೆಳತಿಗೂ ಹಿಂಗೇ ಆಗಿತ್ತು. ಚಿಂಚೋಳಿ ಕಡಿಯಾಕಿ. ಸರ್ವರ್ ಡೌನ್ ಅಂದ್ರು ಅಂತ, ಬಸ್ ತಪ್ತದ ಅಂತ ಆರಕ್ಕೇ ಹೋಗ್ಯಾಳ. ಫೋನ್ ಹಚ್ಚಿದ್ರ ಸ್ವಿಚ್ ಆಫ್ ಬರ್ಲಿಕತ್ತದ."

ಆ ಹುಡುಗಿ ಫೋನ್ ಎತ್ತಿದ್ದು ಮರುದಿನ ಬೆಳಿಗ್ಗೆ. ಅಷ್ಟೊತ್ತಿಗೆ ಅರ್ಜಿಯ ಲಿಂಕ್ ಮುಚ್ಚಿತ್ತು. ಓದಿದ್ದು, ಸರ್ಟಿಫಿಕೇಟಿಗೆ ಓಡಾಡಿದ್ದು, ಫಾರ್ಮ್ ತುಂಬಿದ್ದು ಎಲ್ಲ ಸರಿಯಿತ್ತು. ಕೆಟ್ಟಿದ್ದು ಒಂದು ಕಿಟಕಿ ಮಾತ್ರ.

ಹೋದ ಸಲ ಈ ಅಂಕಣದಲ್ಲಿ ಪಾಸ್‌ವರ್ಡ್ ಬಗ್ಗೆ ಬರೆದಾಗ, "ಸೆಟ್ಟಿಂಗ್ಸ್ ಬಗ್ಗೆಯೂ ಬರೀರಿ" ಅಂತ ಕೆಲವರು ಕೇಳಿದ್ದಿರಿ. ಹಾಗಾಗಿ ಈ ಸಲ ಬ್ರೌಸರ್‌ನ ಅತಿ ಸಣ್ಣ ಸೆಟ್ಟಿಂಗ್ ಒಂದರ ಕತೆ. ಇದನ್ನ ನಾನು ಮೇಸ್ಟ್ರ ಥರ ಹೇಳ್ತಿಲ್ಲ. ಇದೇ ತಪ್ಪು ಮಾಡಿದವನಾಗಿ ಹೇಳ್ತಿದ್ದೀನಿ, ಅದು ಮುಂದೆ ಬರ್ತದೆ.

ಕ್ಷಮೆ ಕೇಳಿದ ಮನುಷ್ಯ

ಪುಟವೊಂದು ತಾನಾಗಿ ಇನ್ನೊಂದು ವಿಂಡೋ ತೆರೆಯೋ ಶಕ್ತಿ 1990ರ ದಶಕದ ನಡುವಿನಲ್ಲಿ, ನೆಟ್‌ಸ್ಕೇಪ್ ಬ್ರೌಸರ್‌ಗೆ ಜಾವಾಸ್ಕ್ರಿಪ್ಟ್ ಬಂದಾಗಲೇ ಬಂತು. ಅದನ್ನ ಜಾಹೀರಾತಿಗೆ ಬಳಸಿದ ಮೊದಲಿಗರಲ್ಲಿ ಈಥನ್ ಝುಕರ್‌ಮನ್ ಒಬ್ಬರು. ಆಗ ಅವರು ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದರು. ಒಂದು ಕಾರು ಕಂಪನಿಯ ಜಾಹೀರಾತು ಅಶ್ಲೀಲ ಪುಟವೊಂದರ ಮೇಲೆ ಕಾಣಿಸಿಕೊಂಡು ರಗಳೆಯಾಯ್ತು. ಪುಟಕ್ಕೂ ಜಾಹೀರಾತಿಗೂ ಸಂಬಂಧ ಇಲ್ಲದಂತೆ ಕಾಣಲಿ ಅಂತ ಅವರು ಜಾಹೀರಾತನ್ನ ಬೇರೆ ವಿಂಡೋದಲ್ಲಿ ತೆರೆಯುವ ಕೋಡ್ ಬರೆದರು. 2014ರಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯ ಲೇಖನದಲ್ಲಿ ಅದಕ್ಕೆ ಕ್ಷಮೆಯನ್ನೂ ಕೇಳಿದರು. ಉದ್ದೇಶ ಕೆಟ್ಟದಿರಲಿಲ್ಲ. ಪರಿಣಾಮ ನಮಗೆಲ್ಲ ಗೊತ್ತೇ ಇದೆ.

ಆಮೇಲೆ ಬ್ರೌಸರ್‌ಗಳು ತಿರುಗಿ ಬಿದ್ದವು. 2002ರಲ್ಲಿ ಮೊಝಿಲ್ಲಾ 1.0 ಪಾಪ್‌ಅಪ್ ತಡೆಯುವ ಆಯ್ಕೆ ಕೊಟ್ಟಿತು. 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಸರ್ವೀಸ್ ಪ್ಯಾಕ್ 2 ಜೊತೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೂ ಅದು ಬಂತು. ಅದೇ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂತು. ಇವತ್ತು ನಿಮ್ಮ ಫೋನಿನಲ್ಲಿ ಯಾವ ಬ್ರೌಸರ್ ಇದ್ದರೂ, ನೀವು ಏನೂ ಮುಟ್ಟದಿದ್ದರೂ, ಪಾಪ್‌ಅಪ್ ತಡೆ ಆನ್ ಆಗೇ ಇರ್ತದೆ.

ಇಲ್ಲೇ ವಿನ್ಯಾಸದ ಮೊದಲ ಪಾಠ ಇದೆ. ಸೆಟ್ಟಿಂಗ್ಸ್ ಒಳಗೆ ಹೋಗಿ ಬದಲಿಸುವವರು ಬಹಳ ಕಡಿಮೆ. ಹಾಗಾಗಿ ಕಂಪನಿ ಮೊದಲೇ ಇಟ್ಟು ಕೊಟ್ಟದ್ದೇ ಬಹಳಷ್ಟು ಜನರ ಪಾಲಿಗೆ ಕೊನೆಯ ತೀರ್ಮಾನ.

ಕರೆದವರು ಯಾರು?

ಎಲ್ಲ ಹೊಸ ವಿಂಡೋಗಳನ್ನೂ ತಡೆದರೆ ಕೆಲಸ ನಡೆಯಲ್ಲ. ಫೀ ಕಟ್ಟುವ ಪುಟ, ರಸೀದಿಯ ಪ್ರಿಂಟ್, ಹಾಲ್ ಟಿಕೆಟ್, ಕೆಲವು ಕಡೆ ಲಾಗಿನ್ ಕೂಡ ಹೊಸ ವಿಂಡೋದಲ್ಲೇ ಬರೋದು. ಹಾಗಾದರೆ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಬ್ರೌಸರ್‌ಗೆ ಹೇಗೆ ಗೊತ್ತಾಗಬೇಕು? ಒಳಗೆ ಏನು ಬರೆದಿದೆ ಅಂತ ಅದು ಓದಲ್ಲ. ಅದು ಕೇಳೋದು ಒಂದೇ ಪ್ರಶ್ನೆ: ಇದನ್ನ ಕರೆದವರು ಯಾರು?

ನೀವು ಬಟನ್ ಒತ್ತಿದ್ದಕ್ಕೆ ವಿಂಡೋ ಬಂದರೆ ಅದು ನೀವು ಕರೆದ ನೆಂಟ, ಒಳಗೆ ಬರಬಹುದು. ನೀವು ಸುಮ್ಮನೆ ಓದ್ತಾ ಕೂತಾಗ ಬಂದರೆ ಕರೆಯದೇ ಬಂದವನು, ಹೊರಗೆ ನಿಲ್ಲಲಿ. ಇಷ್ಟು ಸರಳ. ಜೊತೆಗೆ ಒಂದು ಒತ್ತಿಗೆ ಒಂದೇ ವಿಂಡೋ. ಒಬ್ಬ ನೆಂಟನನ್ನ ಕರೆದರೆ ಅವನ ಹಿಂದೆ ಇಡೀ ದಿಬ್ಬಣ ನುಗ್ಗಬಾರದು.

ಕಳ್ಳರು ಇದನ್ನೂ ದಾಟಿದರು. ನಾನು ಹೈಸ್ಕೂಲಿನಲ್ಲಿದ್ದಾಗ ಶಹಾಬಾದ್‌ನ ನೆಟ್ ಸೆಂಟರ್‌ಗೆ ಹಾಡು ಡೌನ್‌ಲೋಡ್ ಮಾಡೋಕೆ ಹೋಗ್ತಿದ್ದೆ. ಪುಟದಲ್ಲಿ ಎಲ್ಲಿ ಒತ್ತಿದರೂ ಮೊದಲು ಒಂದು ಜಾಹೀರಾತು ತೆರೆಯೋದು, ಎರಡನೇ ಸಲ ಒತ್ತಿದರೆ ಹಾಡು. ಬ್ರೌಸರ್‌ಗೆ 'ಬಳಕೆದಾರ ಒತ್ತಿದ್ದಾನೆ' ಅಂತಷ್ಟೇ ಗೊತ್ತು. ಯಾವುದಕ್ಕೆ ಒತ್ತಿದ ಅಂತ ಗೊತ್ತಾಗಲ್ಲ. ಅಂದರೆ ಅವರು ಕದಿಯುತ್ತಿದ್ದದ್ದು ನಮ್ಮ ಒತ್ತನ್ನೇ.

ಐದು ಸೆಕೆಂಡ್

ಈಗ ತಂಗಿಯ ವಿಷಯಕ್ಕೆ ಬರೋಣ. ಅವಳು ಬಟನ್ ಒತ್ತಿದ್ದಳಲ್ಲ? ತಾನೇ ಕರೆದಿದ್ದಳಲ್ಲ? ಆದರೂ ಯಾಕೆ ತಡೆಯಿತು?

ಯಾಕಂದ್ರೆ ಒತ್ತಿಗೆ ಆಯುಷ್ಯ ಇದೆ. ನೀವು ಒತ್ತಿದ ಮೇಲೆ ಆ ಅನುಮತಿ ಸ್ವಲ್ಪ ಹೊತ್ತು ಮಾತ್ರ ಜೀವಂತ ಇರ್ತದೆ. ಕ್ರೋಮ್‌ನಲ್ಲಿ ಈ ಅವಧಿ 5 ಸೆಕೆಂಡ್. ಇಲ್ಲದಿದ್ದರೆ ಬೆಳಿಗ್ಗೆ ಒಮ್ಮೆ ಒತ್ತಿದ್ದನ್ನ ಹಿಡ್ಕೊಂಡು ಸಂಜೆ ಜಾಹೀರಾತು ತೆರೆಯಬಹುದು. ನಿಯಮ ನ್ಯಾಯವಾಗೇ ಇದೆ.

ಆದರೆ ಫೀ ಕಟ್ಟುವ ಪುಟಗಳು ಹೇಗೆ ಕೆಲಸ ಮಾಡ್ತವೆ ನೋಡಿ. ನೀವು ಬಟನ್ ಒತ್ತಿದಾಗ ಪುಟ ಮೊದಲು ಸರ್ವರ್‌ಗೆ ಹೋಗಿ, ಇವರ ಅರ್ಜಿ ಸಂಖ್ಯೆ ಇದು, ಫೀ ಇಷ್ಟು, ಒಂದು ವಹಿವಾಟು ಸಂಖ್ಯೆ ಕೊಡು ಅಂತ ಕೇಳ್ತದೆ. ಉತ್ತರ ಬಂದ ಮೇಲೆ ಹೊಸ ವಿಂಡೋ ತೆರೀತದೆ. ಬೆಂಗಳೂರಿನ ಆಫೀಸಿನ ನೆಟ್‌ನಲ್ಲಿ ಆ ಉತ್ತರ ಒಂದೆರಡು ಸೆಕೆಂಡಿಗೆ ಬರ್ತದೆ. ಒತ್ತು ಇನ್ನೂ ಜೀವಂತ, ವಿಂಡೋ ತೆರೀತದೆ. ಸೇಡಂನ ಅಂಗಡಿಯಲ್ಲಿ ಒಂದೇ ಕನೆಕ್ಷನ್ ಮೇಲೆ ಎಂಟು ಕಂಪ್ಯೂಟರ್, ಕೊನೆಯ ದಿನದ ನೂಕುನುಗ್ಗಲು. ಉತ್ತರ ಆರು, ಏಳು, ಎಂಟು ಸೆಕೆಂಡಿಗೆ ಬಂದರೆ ಒತ್ತು ಸತ್ತಿರ್ತದೆ. ಬ್ರೌಸರ್ ಅಂದುಕೊಳ್ತದೆ: ಇದು ಯಾರೂ ಕರೆಯದೇ ಬಂದದ್ದು. ತಡೀತದೆ.

ಇಬ್ಬರೂ ಅದೇ ಕೋಡ್, ಅದೇ ಬ್ರೌಸರ್, ಅದೇ ಬಟನ್. ನೆಟ್ ವೇಗ ಇದ್ದವರಿಗೆ ಬಾಗಿಲು ತೆರೀತು, ಇಲ್ಲದವರಿಗೆ ಮುಚ್ಚಿತು. ನಿಯಮ ಬರೆದವರ ಮನಸ್ಸಿನಲ್ಲಿ ಯಾವ ಊರೂ ಇರಲಿಲ್ಲ. ಆದರೆ ಐದು ಸೆಕೆಂಡ್ ಅನ್ನೋದು ಎಲ್ಲ ಊರಲ್ಲೂ ಒಂದೇ ಅಳತೆ ಅಲ್ಲ.

ಇದು ನನ್ನ ಊಹೆ ಮಾತ್ರ ಆಗಬಾರದು ಅಂತ ಒಂದು ಸಣ್ಣ ಪುಟ ಬರೆದೆ. ಒಂದು ಬಟನ್, ಹಿಂದೆ ಸರ್ವರ್‌ಗೆ ಒಂದು ಪ್ರಶ್ನೆ, ಉತ್ತರ ಬಂದ ಮೇಲೆ ಹೊಸ ವಿಂಡೋ. ಬೆಂಗಳೂರಿನ ರೂಮಿನಲ್ಲಿ ಇಪ್ಪತ್ತು ಸಲ ಒತ್ತಿದೆ, ಇಪ್ಪತ್ತು ಸಲವೂ ತೆರೀತು. ಮುಂದಿನ ತಿಂಗಳು ಊರಿಗೆ ಹೋದಾಗ ಚಿತ್ತಾಪುರದ ಮಾವನ ಮನೆಯಲ್ಲಿ, ಒಳಕೋಣೆಯಲ್ಲಿ ಕೂತು ಫೋನಿನಿಂದ ಅದೇ ಬಟನ್ ಒತ್ತಿದೆ. ಮೊದಲನೇ ಸಲವೇ ತಡೆಯಿತು. ಅಂಗಳಕ್ಕೆ ಬಂದು ಒತ್ತಿದೆ, ತೆರೀತು. ಮಾವ ನೋಡಿ, "ಏನಪಾ, ಗ್ವಾಡಿ ದಾಟಿದ್ರ ನಿನ್ನ ಕಂಪ್ಯೂಟರ್ ವಿದ್ಯಾ ಬದಲಾಗ್ತದೇನು?" ಅಂತ ನಕ್ಕರು. ಹೌದು ಮಾವಾ, ಬದಲಾಗ್ತದೆ.

ನನ್ನ ತಪ್ಪು

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೂರು ವರ್ಷದ ಹಿಂದೆ ಒಂದು ಕಾಲೇಜಿನ ಫೀ ಕಟ್ಟುವ ಪುಟ ಮಾಡಿದ್ದು ನೆನಪಾಯ್ತು. ಲ್ಯಾಪ್‌ಟಾಪ್ ತೆಗೆದು ಹಳೆಯ ಕೋಡ್ ನೋಡಿದೆ. ಅದೇ ತಪ್ಪು. ಒತ್ತಿದ ಮೇಲೆ ಸರ್ವರ್‌ಗೆ ಹೋಗಿ, ಬಂದ ಮೇಲೆ ವಿಂಡೋ ತೆರೆಯೋದು. ಆಗ ಕೆಲವು ದೂರು ಬಂದಿದ್ದವು: 'ಪೇಮೆಂಟ್ ಪೇಜ್ ಓಪನ್ ಆಗುತ್ತಿಲ್ಲ.' ನಾನು ನನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ, ಓಪನ್ ಆಯ್ತು. 'ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ' ಅಂತ ಉತ್ತರ ಬರೆದು ದೂರು ಮುಚ್ಚಿದೆ. ಆ ದೂರು ಬರೆದವರು ಯಾವ ಊರವರು ಅಂತ ಕೇಳಬೇಕು ಅನ್ನಿಸಿರಲಿಲ್ಲ. ವಾಡಿಯಲ್ಲಿ ಹುಟ್ಟಿದ ನನಗೇ ಅನ್ನಿಸಿರಲಿಲ್ಲ.

ಸರಿಪಡಿಸೋದು ಕಷ್ಟವೇನಲ್ಲ. ಬಟನ್ ಒತ್ತಿದ ಕ್ಷಣವೇ ಖಾಲಿ ವಿಂಡೋ ತೆರೆದು 'ದಯವಿಟ್ಟು ಕಾಯಿರಿ' ಅಂತ ತೋರಿಸಿ, ಉತ್ತರ ಬಂದ ಮೇಲೆ ಅದರಲ್ಲೇ ಫೀ ಪುಟ ತರಬಹುದು. ಇನ್ನೂ ಒಳ್ಳೇದು, ಹೊಸ ವಿಂಡೋನೇ ಬೇಡ, ಅದೇ ಪುಟದಲ್ಲಿ ಮುಂದಕ್ಕೆ ಕರ್ಕೊಂಡು ಹೋಗೋದು. ವಿಂಡೋ ತಡೆಯಲ್ಪಟ್ಟರೆ ಪುಟಕ್ಕೆ ಅದು ಗೊತ್ತಾಗ್ತದೆ ಕೂಡ. 'ನಿಮ್ಮ ಬ್ರೌಸರ್ ತಡೆದಿದೆ, ಇಲ್ಲಿ ಒತ್ತಿ' ಅಂತ ಎರಡು ಸಾಲು ತೋರಿಸಿದ್ದರೆ ಚಿಂಚೋಳಿಯ ಹುಡುಗಿ ಆರು ಗಂಟೆಗೆ ಫೀ ಕಟ್ಟಿಯೇ ಬಸ್ ಹತ್ತುತ್ತಿದ್ದಳು. ನಿಧಾನ ನೆಟ್ ಹೇಗಿರ್ತದೆ ಅಂತ ನೋಡಲು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲೇ ವೇಗ ಇಳಿಸುವ ಆಯ್ಕೆ ಇದೆ. ಈ ಅಂಕಣ ಓದುವ ಡೆವಲಪರ್ ಗೆಳೆಯರೇ, ಬಿಡುಗಡೆಗೆ ಮುಂಚೆ ಒಂದು ಸಲ ಅದನ್ನ ಹಾಕಿ ನೋಡಿ. ಅಷ್ಟೇ ನನ್ನ ಕೋರಿಕೆ.

ಒಂದು ದೊಡ್ಡ ಸ್ವಿಚ್

ಅಂಗಡಿಯವರೂ ಸುಮ್ಮನಿರಲಿಲ್ಲ. ಆ ರಾತ್ರಿಯಾದ ಮೇಲೆ ಎಂಟೂ ಕಂಪ್ಯೂಟರ್‌ಗಳಲ್ಲಿ ಎಲ್ಲ ಸೈಟ್‌ಗಳಿಗೂ ಪಾಪ್‌ಅಪ್ ಬಿಟ್ಟುಬಿಟ್ಟರು. ಊರಿಗೆ ಹೋದಾಗ ನೋಡ್ತೀನಿ, ರಮ್ಮಿ ಆಡಿ, ಸಾಲ ತಗೊಳ್ಳಿ, ನಿಮಗೆ ಬಹುಮಾನ ಬಂದಿದೆ. ಒಂದು ಮುಚ್ಚಿದರೆ ಇನ್ನೊಂದು. ಕೇಳಿದರೆ, "ಏನ್ ಮಾಡ್ಲಿರಿ ಸರ, ಒಂದೊಂದೇ ಸೈಟ್ ಸೇರಿಸ್ಕೋತ ಕೂಡ್ಲಿಕ್ಕ ಟೈಮ್ ಎಲ್ಲಿ ಅದ? ನಮಗ ಕೆಲಸ ಆಗ್ಬೇಕು" ಅಂದರು. ತಪ್ಪು ಅವರದಲ್ಲ. ಒಂದು ಸೈಟ್‌ಗೆ ಮಾತ್ರ ಬಿಡೋದು ಕಷ್ಟ, ಎಲ್ಲದಕ್ಕೂ ಬಿಡೋದು ಸುಲಭ ಅನ್ನಿಸುವಂತೆ ಸೆಟ್ಟಿಂಗ್ ಇದ್ದರೆ ಜನ ಸುಲಭದ್ದನ್ನೇ ಮಾಡ್ತಾರೆ.

ನಾನು ಈ ಸೆಟ್ಟಿಂಗ್ ವಿನ್ಯಾಸ ಮಾಡುವುದಾದರೆ? ವಾಡಿಯ ರೈಲ್ವೆ ಗೇಟ್ ನೆನಪು ಮಾಡ್ಕೊಳ್ತೀನಿ. ಗೇಟ್ ಬಿದ್ದರೆ ಬೈಕ್ ಆಫ್ ಮಾಡಿ ನಿಲ್ತೀವಿ. ಸಿಟ್ಟು ಬರ್ತದೆ, ಆದರೆ ಗೊಂದಲ ಇರಲ್ಲ. ತಡೆದಿದ್ದಾರೆ ಅಂತ ಕಾಣ್ತದೆ, ಯಾಕೆ ಅಂತ ಗೊತ್ತು. ಪಾಪ್‌ಅಪ್ ತಡೆಯೂ ಹಾಗೇ ಇರಬೇಕು. ಬಟನ್ ಒತ್ತಿದ ಜಾಗದಲ್ಲೇ ದೊಡ್ಡದಾಗಿ, ನಮ್ಮ ಮಾತಿನಲ್ಲಿ ಹೇಳಲಿ: 'ಈ ಪುಟ ಹೊಸ ವಿಂಡೋ ತೆರೆಯಲು ನೋಡಿತು. ನಿಲ್ಲಿಸಿದ್ದೇವೆ. ನೀವೇ ಕೇಳಿದ್ದಾದರೆ ಈಗ ತೆರೆಯಿರಿ.' ಮೊದಲ ಆಯ್ಕೆ 'ಈ ಒಂದು ಸಲ', ಎರಡನೆಯದು 'ಈ ಸೈಟ್‌ಗೆ ಯಾವಾಗಲೂ'. ಎಲ್ಲ ಸೈಟ್‌ಗೂ ಬಿಡೋದು ಒಳಗೆಲ್ಲೋ ದೂರದಲ್ಲಿರಲಿ.

ತಮಾಷೆ ಏನಂದ್ರೆ, ಒಂದು ಸಲ ಮಾತ್ರ ತೆರೆಯೋ ದಾರಿ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಈಗಲೂ ಇದೆ. ಆ ಸಾಸಿವೆ ಗುರುತು ಒತ್ತಿದಾಗ ಬರುವ ಡಬ್ಬಿಯಲ್ಲಿ ತಡೆದ ಪುಟದ ಲಿಂಕ್ ಇರ್ತದೆ, ಅದನ್ನ ಒತ್ತಿದರೆ ಸಾಕು. ಆದರೆ ಅದು ಬಟನ್ ಥರ ಕಾಣಲ್ಲ. ಅವತ್ತು ಆತುರದಲ್ಲಿ ನನಗೂ ಹೊಳೀಲಿಲ್ಲ.

ಭಾಷೆಯ ಮಾತೂ ಇದೆ. ಕ್ರೋಮ್ ಕನ್ನಡದಲ್ಲಿ ಸಿಗ್ತದೆ, ಸಂತೋಷ. ಆದರೆ 'ಅನುಮತಿಸಿ', 'ನಿರ್ಬಂಧಿಸಿ' ಅಂತ ನಮ್ಮ ಮನೆಯಲ್ಲಿ ಯಾರೂ ಅನ್ನಲ್ಲ. 'ಬಿಡಿ', 'ಬೇಡ' ಅಂದರೆ ನಮ್ಮವ್ವನಿಗೆ ತಿಳೀತದೆ.

ಅವ್ವನ ಫೋನ್

ತಂಗಿಗೆ ಬೇಕಾದದ್ದು ಬರಲಿಲ್ಲ. ವಾಡಿಯಲ್ಲಿ ಅವ್ವನಿಗೆ ಬೇಡದ್ದೇ ಬಂತು.

"ಏನಪಾ, ನನ್ನ ಫೋನಿಗಿ ವೈರಸ್ ಬಂದದಂತ. ಐದು ಅಂತ ತೋರಿಸ್ಲಿಕತ್ತದ. ಅದರಾಗ ಒಂದು ನಂಬರ್ ಅದ, ಹಚ್ಚಬೇಕಂತ ಮಾಡೀನಿ."

ಎದೆ ಝಲ್ ಅಂತು. ರೈಲ್ವೆಯಲ್ಲಿದ್ದ ಅಪ್ಪನ ಪಿಂಚಣಿ ಖಾತೆ ಅದೇ ಫೋನಿಗೆ ಜೋಡಿಸಿದೆ. "ಹಚ್ಚಬ್ಯಾಡವ್ವಾ, ಏನೂ ಒತ್ತಬ್ಯಾಡ" ಅಂದೆ.

ಆಗಿದ್ದಿಷ್ಟು. ತಪ್ಪಿಹೋದ ಧಾರಾವಾಹಿ ನೋಡೋಕೆ ಯಾವುದೋ ಸೈಟ್‌ಗೆ ಹೋಗಿದ್ದಾಳೆ. ಅದು 'ನೀವು ರೋಬೋಟ್ ಅಲ್ಲ ಅಂದರೆ ಅಲೋ ಒತ್ತಿ' ಅಂದಿದೆ. ಒತ್ತಿದ್ದಾಳೆ. ಒತ್ತಿದ್ದು ನೋಟಿಫಿಕೇಶನ್‌ಗೆ ಒಪ್ಪಿಗೆ. ಆಮೇಲೆ ಬ್ರೌಸರ್ ಮುಚ್ಚಿದರೂ ಆ ಸೈಟ್ ದಿನಕ್ಕೆ ಇಪ್ಪತ್ತು ಸಲ ಬಂದು ಹೆದರಿಸ್ತದೆ. "ಒತ್ತಲಿಲ್ಲಂದ್ರ ಮುಂದ ಹೋಗವಲ್ದಪಾ" ಅಂದಳು ಅವ್ವ. ನಿಜ.

ಪಾಪ್‌ಅಪ್ ಸಾಯಲಿಲ್ಲ, ಮನೆ ಬದಲಿಸಿತು. 2015ರಲ್ಲಿ ಕ್ರೋಮ್‌ಗೆ ವೆಬ್ ನೋಟಿಫಿಕೇಶನ್ ಬಂದ ಮೇಲೆ ಪ್ರತಿ ಸೈಟೂ ಬಾಗಿಲಲ್ಲೇ 'ಕಳಿಸಲಾ?' ಅಂತ ಕೇಳೋಕೆ ಶುರು ಮಾಡಿತು. 2019ರಲ್ಲಿ ಮೊಝಿಲ್ಲಾ ಲೆಕ್ಕ ಕೊಟ್ಟಿತು: ಇಂಥ ಕೋರಿಕೆಗಳಲ್ಲಿ ಸುಮಾರು 99% ಒಪ್ಪಿಗೆ ಇಲ್ಲದೆ ಹೋಗ್ತವೆ, 48% ಕೋರಿಕೆಗಳಿಗೆ ಜನ ನೇರವಾಗಿ 'ಬೇಡ' ಒತ್ತುತ್ತಾರೆ. 2020ರ ಜನವರಿಯಲ್ಲಿ ಫೈರ್‌ಫಾಕ್ಸ್ 72 ಆ ಪ್ರಶ್ನೆಯನ್ನ ಒಂದು ಸಣ್ಣ ಗುರುತಿನ ಹಿಂದೆ ಸರಿಸಿತು. ಮುಂದಿನ ತಿಂಗಳು ಕ್ರೋಮ್ 80 ಕೂಡ ಸದ್ದಿಲ್ಲದೆ ಕೇಳುವ ವ್ಯವಸ್ಥೆ ತಂತು. 2023ರ ನವೆಂಬರ್‌ನಲ್ಲಿ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ಗ್ರಾಹಕರನ್ನ ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನ ಪಟ್ಟಿ ಮಾಡಿತು. 'ಬೇಡ' ಅನ್ನಲು ಜಾಗವೇ ಕೊಡದೆ ಪೀಡಿಸೋದು ಅದರಲ್ಲಿ ಒಂದು.

ನೋಡಿ, ತೂಕ ಎಲ್ಲಿ ತಪ್ಪಿದೆ. ತಂಗಿ ಕೇಳಿದ್ದನ್ನ ತಡೆದು ಬ್ರೌಸರ್ ಪಿಸುಗುಟ್ಟಿತು. ಅವ್ವ ಕೇಳದ್ದನ್ನ ಎದುರಿಗಿಟ್ಟು ದೊಡ್ಡ ದನಿಯಲ್ಲಿ ಹೂಂ ಅನ್ನು ಅಂತು. ಸೆಟ್ಟಿಂಗ್ ಒಳ್ಳೇದೋ ಕೆಟ್ಟದ್ದೋ ಅಂತ ಅಳೆಯೋಕೆ ಎಷ್ಟು ಆಯ್ಕೆ ಇವೆ ಅಂತ ಎಣಿಸಬೇಡಿ. ಏನು ನಡೀತು ಅಂತ ಎದುರಿಗಿದ್ದವರಿಗೆ ತಿಳೀತಾ, ತಪ್ಪಾದರೆ ವಾಪಸ್ ತಗೊಳ್ಳೋಕೆ ಆಗ್ತದಾ, ಅಷ್ಟು ನೋಡಿ.

ಇವತ್ತೇ ಮಾಡಿ

ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿಂದ ಸೈಟ್ ಸೆಟ್ಟಿಂಗ್ಸ್. 'ಪಾಪ್‌ಅಪ್ಸ್ ಆ್ಯಂಡ್ ರೀಡೈರೆಕ್ಟ್ಸ್' ಬ್ಲಾಕ್ ಆಗೇ ಇರಲಿ. ಫೀ ಪುಟ ತೆರೆಯದಿದ್ದರೆ 'ಸರ್ವರ್ ಡೌನ್' ಅಂತ ಎದ್ದು ಬರೋ ಮುಂಚೆ ಕಂಪ್ಯೂಟರ್‌ನಲ್ಲಿ ವಿಳಾಸ ಪಟ್ಟಿಯ ಬಲತುದಿ, ಫೋನಿನಲ್ಲಿ 'ಪಾಪ್‌ಅಪ್ ಬ್ಲಾಕ್ಡ್' ಅನ್ನುವ ಸಂದೇಶ ಇದೆಯಾ ನೋಡಿ. ಸೈಟ್ ಅಸಲಿಯೇ ಅಂತ ವಿಳಾಸ ಓದಿ, ಆ ಸೈಟ್‌ಗೆ ಮಾತ್ರ ಬಿಡಿ. ದುಡ್ಡು ಕಡಿತ ಆಗಿ ರಸೀದಿ ಬರದಿದ್ದರೆ ಮತ್ತೆ ಮತ್ತೆ ಕಟ್ಟಬೇಡಿ. ಮೊದಲು ಬ್ಯಾಂಕಿನ ಮೆಸೇಜ್ ನೋಡಿ, ವಹಿವಾಟು ಸಂಖ್ಯೆ ಬರೆದಿಟ್ಟುಕೊಳ್ಳಿ.

ಅಲ್ಲೇ 'ನೋಟಿಫಿಕೇಶನ್ಸ್' ತೆರೆದರೆ ಒಪ್ಪಿಗೆ ಕೊಟ್ಟ ಸೈಟ್‌ಗಳ ಪಟ್ಟಿ ಕಾಣ್ತದೆ. ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ. ಅವ್ವನ ಪಟ್ಟಿಯಲ್ಲಿ ಹದಿನಾಲ್ಕು ಇದ್ದವು. ಯಾರಾದರೂ ಹೆದರಿ ನಂಬರ್ ಹಚ್ಚಿ ದುಡ್ಡು ಕಳ್ಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಸಲ ಊರಿಗೆ ಹೋದಾಗ ಮನೆಯವರ ಫೋನ್ ತಗೊಂಡು ಹತ್ತು ನಿಮಿಷ ಕೂಡಿ. ಬೈಯಬೇಡಿ. ಯಾಕೆ ಒತ್ತಿದೆ ಅಂತ ಕೇಳಬೇಡಿ. ಒತ್ತುವ ಹಾಗೆ ಮಾಡಿದವರು ನಮ್ಮಂಥ ಇಂಜಿನಿಯರ್‌ಗಳೇ.

ಚಿಂಚೋಳಿಯ ಆ ಹುಡುಗಿ ಈಗ ಮುಂದಿನ ಅಧಿಸೂಚನೆಗೆ ಕಾಯ್ತಿದ್ದಾಳೆ. ತಂಗಿ ಅವಳಿಗೆ ಆ ಸಾಸಿವೆ ಕಾಳಿನ ಗುರುತು ಎಲ್ಲಿರ್ತದೆ ಅಂತ ಚಿತ್ರ ಬರೆದು ಕಳಿಸಿದ್ದಾಳಂತೆ. ನಾನು ಆ ಕಾಲೇಜಿನ ಫೀ ಪುಟ ಸರಿಪಡಿಸಿ ಕೊಟ್ಟೆ. ಬಿಡುಗಡೆಗೆ ಮುಂಚೆ ಈ ಸಲ ಪರೀಕ್ಷೆ ಮಾಡಿದ್ದು ಆಫೀಸಿನಲ್ಲಲ್ಲ, ಮಾವನ ಮನೆಯ ಒಳಕೋಣೆಯಲ್ಲಿ ಕೂತು.